ಚಾಪೆಯ ಬದಲು ಕುರ್ಚಿ

೧೯೬೧ರ ಬೇಸಗೆಯಲ್ಲಿ ಮೂಡುಬಿದಿರೆಯ ಒಂದು ತುಳು ನಾಟಕದ ನಡುವೆ ಮೈಕಿನ ಬ್ಯಾಟರಿ ಸತ್ತಿತು. ನಾಯಕನ ಮಾತು ಎರಡನೇ ಸಾಲಿನ ಆಚೆ ಕೇಳಿಸಲಿಲ್ಲ, ಹಿಂದಿದ್ದವರು ಕೂಗತೊಡಗಿದರು. ಆಳಿನ ಪಾತ್ರದಲ್ಲಿದ್ದ ನನ್ನ ಅಣ್ಣ, ಯಜಮಾನನಿಗೆಂದು ತಂದಿದ್ದ ಮಡಚುವ ಕುರ್ಚಿಯನ್ನು ಬಿಡಿಸಲು ಹೋದ. ಅದು ಬಿಚ್ಚಿಕೊಳ್ಳಲಿಲ್ಲ. ಕೈ ಸಿಕ್ಕಿತು. ಕೈ ತೆಗೆಯಲು ಹೋಗಿ ಕಾಲು ಸಿಕ್ಕಿತು. ಕೊನೆಗೆ ತಲೆಯೇ ಹಲಗೆಗಳ ನಡುವೆ ಹೊಕ್ಕಿತು. ಕುರ್ಚಿಯನ್ನು ಕೊರಳಿಗೆ ಹಾಕಿಕೊಂಡೇ ಅವನು ಯಜಮಾನನಿಗೆ ಬಗ್ಗಿ ಕೈಮುಗಿದ. ಅಷ್ಟು ಹೊತ್ತೂ ಬಾಯಿ ಬಿಡಲಿಲ್ಲ. ಮೈಕು ಸರಿಯಾದ ಮೇಲೆ ಜನ ನಾಯಕನನ್ನು ಮಾತಾಡಲು ಬಿಡಲಿಲ್ಲ. ಕುರ್ಚಿ ಇನ್ನೊಮ್ಮೆ ಬೇಕು ಎಂದರು.

ಅಣ್ಣನಿಗೆ ಬಂಟ್ವಾಳ ಪೇಟೆಯಲ್ಲಿ ಹೊಲಿಗೆ ಅಂಗಡಿ ಇತ್ತು. ನಾಟಕ ಬರೀ ಹವ್ಯಾಸ. ಆ ದಿನ ಮೊದಲು ಕೈ ಸಿಕ್ಕಿದ್ದು ನಿಜವಾಗಿಯೇ, ಉಳಿದದ್ದೆಲ್ಲ ಬೇಕೆಂದು ಮಾಡಿದ್ದು ಎಂದು ಅವನೇ ನನಗೆ ಹೇಳಿದ್ದ. ನಮ್ಮ ಮನೆಮಾತು ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಕೊಟ್ಟಿದ್ದೇನೆ.

ಮರುವರ್ಷದಿಂದ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ‘ಮಾತಿಲ್ಲದ ಹಾಸ್ಯ’ ಎಂಬ ಸಾಲು ದಪ್ಪಕ್ಷರದಲ್ಲಿ ಬಂತು. ವಾಮದಪದವಿಗೆ ಹೋದರೂ ಕುರ್ಚಿ, ಕನ್ಯಾನಕ್ಕೆ ಹೋದರೂ ಕುರ್ಚಿ. ಅವನ ಪಾತ್ರಕ್ಕೆ ಮಾತು ಬರೆಯುವುದನ್ನೇ ತಂಡದವರು ನಿಲ್ಲಿಸಿದರು.

“ನನಗೂ ನಾಲ್ಕು ಮಾತು ಕೊಡಿ” ಎಂದು ಅವನು ಕೇಳಿದಾಗ ನಾಟಕ ಕಲಿಸುವವರು, “ನೀನು ಬಾಯಿ ಬಿಟ್ಟರೆ ಎಲ್ಲ ಹಾಳಾಗ್ತದೆ ಮಾರಾಯ” ಎಂದರು.

ವೇದಿಕೆಯ ಹೊರಗೂ ಬಿಡುಗಡೆ ಇರಲಿಲ್ಲ. ಅಳತೆಯ ಟೇಪು ಕೈಯಿಂದ ಜಾರಿದರೆ ಅಂಗಡಿಯಲ್ಲಿದ್ದವರು ನಗುತ್ತಿದ್ದರು. ಒಂದು ಸಾವಿನ ಮನೆಯಲ್ಲಿ ಅವನು ಬೆಂಚಿನ ತುದಿಯಲ್ಲಿ ಕೂರಲು ಹೋದಾಗ, ಇಬ್ಬರು ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿದ್ದನ್ನು ನಾನು ಕಂಡಿದ್ದೇನೆ.

ಅವನಿಗೆ ಬೇಕಾಗಿದ್ದದ್ದು ತಾಳಮದ್ದಳೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ; ಅರ್ಥಧಾರಿಗಳು ಚಾಪೆಯ ಮೇಲೆ ಕುಳಿತು ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾರೆ, ವಾದಿಸುತ್ತಾರೆ. ಆ ಮಾತಿಗೆ ‘ಅರ್ಥ’ ಎಂದೇ ಹೆಸರು. ಎಲ್ಲವೂ ಗ್ರಾಂಥಿಕ ಕನ್ನಡದಲ್ಲಿ.

“ಅಲ್ಲಿ ಕೈಕಾಲಿಗೆ ಕೆಲಸವೇ ಇಲ್ಲ” ಎನ್ನುತ್ತಿದ್ದ ಅಣ್ಣ. “ಒಂದು ಚಾಪೆ. ಕುರ್ಚಿ ಉಂಟಾ?”

ಮೆಷಿನು ತುಳಿಯುತ್ತ ಅವನು ಅರ್ಥ ಕಲಿತ. ಅತ್ತಿಗೆ ಒಳಗಿನಿಂದ, “ರಾಜ್ಯ ಆಳಿದ್ದು ಸಾಕು. ಮದುಮಗನ ಅಂಗಿ ನಾಳೆ ಕೊಡ್ಲಿಕ್ಕುಂಟು” ಎಂದು ಕೂಗುತ್ತಿದ್ದರು.

ಬೆಳ್ತಂಗಡಿಯಲ್ಲಿ ತಾಳಮದ್ದಳೆ ನಡೆಸುತ್ತಿದ್ದ ಮೇಷ್ಟ್ರೊಬ್ಬರನ್ನು ತನಗೊಂದು ಅವಕಾಶ ಕೊಡಿ ಎಂದು ಅವನು ಬಹಳ ಕಾಲ ಕೇಳಿದ. ೧೯೬೫ರಲ್ಲಿ ಅವರು ಒಪ್ಪಿದರು. “ಮಂತ್ರಿಯ ಅರ್ಥ ಹೇಳಿ. ಚಿಕ್ಕದು. ಜನ ಕೇಳಿದರೆ ಮುಂದಕ್ಕೂ ಕರೀತೇನೆ.”

ಅದೊಂದು ಭಾನುವಾರ ಮಧ್ಯಾಹ್ನ. ನಾನೂ ಜೊತೆಗೆ ಹೋಗಿದ್ದೆ. ಚಪ್ಪರದಲ್ಲಿ ಚಾಪೆ ಇರಲಿಲ್ಲ. ರಾಜನ ಅರ್ಥಕ್ಕೆಂದು ಹೊರಗಿನಿಂದ ಬಂದಿದ್ದ ಹಿರಿಯರಿಗೆ ಮೊಣಕಾಲು ನೋವು, ನೆಲದಲ್ಲಿ ಕೂರಲಾಗದು. ಅವರೊಬ್ಬರೇ ಮೇಲೆ ಕುಳಿತರೆ ಉಳಿದವರಿಗೆ ಅವಮರ್ಯಾದೆ ಎಂದು ಊರಿನವರು ಎಲ್ಲ ಅರ್ಥಧಾರಿಗಳಿಗೂ ಕುರ್ಚಿ ಹಾಕಿದ್ದರು. ಮಡಚುವ ಕುರ್ಚಿಗಳು.

“ನಾನು ಕೆಳಗೆ ಕೂರ್ತೇನೆ” ಎಂದ ಅಣ್ಣ.

“ರಾಜ ಕುರ್ಚಿಯಲ್ಲಿ, ಮಂತ್ರಿ ನೆಲದಲ್ಲಾ? ಹಿರಿಯರು ಏನು ಗ್ರಹಿಸಿಯಾರು? ಕೂತ್ಕೊಳ್ಳಿ ಮಾರಾಯ್ರೆ” ಎಂದರು ಮೇಷ್ಟ್ರು.

ಅವನು ಕುರ್ಚಿಯ ಬೆನ್ನನ್ನು ಒಮ್ಮೆ ಅಲುಗಿಸಿ ನೋಡಿದ. ಯಾರಾದರೂ ಅಷ್ಟು ಮಾಡುತ್ತಾರೆ. ಚಪ್ಪರವೆಲ್ಲ ನಕ್ಕಿತು. “ನೋಡಿ ನೋಡಿ, ಈಗ ಸಿಕ್ಕಿಕೊಳ್ತಾನೆ!” ಎಂದು ಹಿಂದಿನಿಂದ ಒಬ್ಬ ಕೂಗಿದ. ಅಣ್ಣ ಬೆನ್ನು ನೆಟ್ಟಗೆ ಮಾಡಿ ಕುಳಿತ. ಕುರ್ಚಿ ಕಿರುಗುಟ್ಟಿತು. ಮತ್ತೆ ನಗು.

ಭಾಗವತರು ಪದ ಮುಗಿಸಿದರು. ಅಣ್ಣ “ಪ್ರಭುಗಳೇ” ಎಂದ. ಆ ಬಾಯಿಂದ ಅದುವರೆಗೆ ಮಾತು ಕೇಳದಿದ್ದ ಜನಕ್ಕೆ ಅದೂ ಒಂದು ತಮಾಷೆಯಾಯಿತು. ಕೈಗಳು ಆಡದಿರಲಿ ಎಂದು ಅವನು ಎರಡನ್ನೂ ತೊಡೆಯಡಿಗೆ ಸೇರಿಸಿದ. ಕೈ ಸಿಕ್ಕಿತೆಂದು ಜನ ಚಪ್ಪಾಳೆ ತಟ್ಟಿದರು.

ರಾಜನ ಕುರ್ಚಿಯಲ್ಲಿದ್ದ ಹಿರಿಯರು ಪಾತ್ರದೊಳಗಿನಿಂದಲೇ ಹೇಳಿದರು: “ಮಂತ್ರಿಗಳೇ, ಶತ್ರುವಿನೊಡನೆ ಸಂಧಿ ಆಮೇಲಾಗಲಿ. ಮೊದಲು ನಿಮ್ಮ ಆಸನದೊಡನೆ ಒಂದು ಸಂಧಿ ಮಾಡಿಕೊಳ್ಳಿ.”

ಭಾಗವತರೂ ನಕ್ಕರು. ಮದ್ದಳೆಯವರು ಒಂದು ಪೆಟ್ಟು ಹಾಕಿದರು.

ನಗು ನಿಲ್ಲಲಿ ಎಂದು ಅಣ್ಣ ಕಾದ. ಅವನು ಸುಮ್ಮನೆ ಕಾಯುವುದನ್ನು ನೋಡಿ ಅದು ಇನ್ನೂ ಏರಿತು. ಆಗ ಅವನು ನಗುವಿನ ನಡುವೆಯೇ ಅರ್ಥ ಶುರುಮಾಡಿ, ಕಲಿತಷ್ಟನ್ನೂ ಕೊನೆಯವರೆಗೆ ಹೇಳಿದ. ನಾನು ಮೂರನೇ ಸಾಲಿನಲ್ಲಿದ್ದೆ. ತುಟಿ ಆಡುವುದು ಮಾತ್ರ ಕಾಣುತ್ತಿತ್ತು.

ಮುಗಿದ ಕೂಡಲೇ “ಕುರ್ಚಿ! ಕುರ್ಚಿ!” ಎಂದು ಕೂಗು ಎದ್ದಿತು. ಮೇಷ್ಟ್ರು ಅವನ ಕಿವಿಯ ಹತ್ತಿರ ಬಗ್ಗಿದರು. “ಒಂದ್ಸಲ ಮಾಡಿ ಬಿಡಿ. ಇಲ್ಲದಿದ್ದರೆ ಪ್ರಸಂಗ ಮುಂದೆ ಹೋಗುದಿಲ್ಲ.”

ಅಣ್ಣ ಎದ್ದ. ಕುರ್ಚಿಯನ್ನು ಮಡಚಿದ. ಮೊದಲು ಕೈ ಹಾಕಿದ, ಆಮೇಲೆ ಕಾಲು, ಆಮೇಲೆ ತಲೆ. ಕೊರಳಲ್ಲಿ ಕುರ್ಚಿಯೊಂದಿಗೆ ರಾಜನಿಗೆ ಕೈಮುಗಿದ. ಪ್ರಸಂಗ ಮುಂದೆ ಹೋಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಅಣ್ಣ ಕೇಳಿದ: “ನಿನಗೆ ಎಷ್ಟು ಕೇಳಿಸಿತು?”

“ಪ್ರಭುಗಳೇ ಅಂದದ್ದು ಕೇಳಿಸಿತು.”

“ಆಮೇಲೆ?”

“ಆಮೇಲೆ ಇಲ್ಲ.”



ಮೇಷ್ಟ್ರು ಪುನಃ ಕರೆಯಲಿಲ್ಲ. ಮೆಷಿನಿನ ಮುಂದೆ ಅರ್ಥ ಹೇಳುವುದು ನಿಂತಿತೆಂದು ಅತ್ತಿಗೆ ಹೇಳಿದರು. ೧೯೬೯ರಲ್ಲಿ ನಾರಾವಿಯ ನಾಟಕಕ್ಕೆ ಹೋಗುವಾಗ ಅವನು ಕುರ್ಚಿಯನ್ನು ಬಸ್ಸಿನ ಮೇಲೆ ಕಟ್ಟಿಸಿ ಒಳಗೆ ಬಂದ. ಕಂಡಕ್ಟರು ಪ್ರಯಾಣಿಕರೊಬ್ಬರನ್ನು ಎಬ್ಬಿಸಿ ಅವನಿಗೆ ಸೀಟು ಕೊಟ್ಟು, ಅವನು ಕೂರುವುದನ್ನು ನೋಡುತ್ತ ನಿಂತ.