ಕುದ್ರು ಇದ್ದ ನಕ್ಷೆ

ಹಳೆಯ ಪುಸ್ತಕ, ಹಳೆಯ ನಕ್ಷೆ ಕೊಳ್ಳಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು: ಮಧ್ಯಾಹ್ನದ ಊಟ ಮುಗಿದ ಮೇಲೆ ಹೋಗಿ. ಹಸಿದ ಮನೆಯವರು ಬೇಗ ಮಾರುತ್ತಾರೆ ನಿಜ, ಮರುದಿನ ಮನಸ್ಸು ಬದಲಾಯಿಸಿ ಬಾಗಿಲಿಗೂ ಬರುತ್ತಾರೆ. ಪುಸ್ತಕ ತೆರೆಯುವ ಮೊದಲು ಬೆನ್ನಿನ ಕಡೆ ಮೂಸಿ ನೋಡಿ. ಮಣ್ಣಿನ ವಾಸನೆ ಬಂದರೆ ಒಳಗೆ ಗೆದ್ದಲು ಊಟ ಮಾಡಿ ಎದ್ದು ಹೋಗಿದೆ ಎಂದು ತಿಳಿಯಬೇಕು.

ಇದನ್ನೆಲ್ಲ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಉಪ್ಪಳ ಪೇಟೆಯ ಜೀನಸಿನ ಅಂಗಡಿಗಳಿಗೆ ಪೊಟ್ಟಣ ಕಟ್ಟುವ ರದ್ದಿ ಕಾಗದ ತಂದು ಹಾಕುವುದು ನನ್ನ ಮೊದಲ ವ್ಯಾಪಾರ. ಒಮ್ಮೆ ಮೆಣಸು ಕಟ್ಟಲು ಹರಿಯುತ್ತಿದ್ದ ಪುಸ್ತಕದಲ್ಲಿ ಕುಂಬಳೆಯ ಅರಸರ ಸಂಗತಿ ಕಣ್ಣಿಗೆ ಬಿತ್ತು. ಅಂಗಡಿಯವನಿಗೆ ಬೇರೆ ಕಾಗದ ಕೊಟ್ಟು ಅದನ್ನು ಬಿಡಿಸಿಕೊಂಡೆ. ಮಂಗಳೂರಿನ ವಕೀಲರೊಬ್ಬರು ಅದನ್ನು ನಾನು ಕೇಳಿದ ಬೆಲೆಗೇ ತೆಗೆದುಕೊಂಡಾಗ, ನಾನು ಇನ್ನಷ್ಟು ಕೇಳಬೇಕಿತ್ತು ಎಂದು ಗೊತ್ತಾಯಿತು. ಅಂದಿನಿಂದ ರದ್ದಿಯವನು ಪುಸ್ತಕದವನಾದೆ.

ಪುಸ್ತಕ ಮಾರುತ್ತಿದ್ದೆ. ನಕ್ಷೆಗಳನ್ನು ಮಾತ್ರ ಮಾರುತ್ತಿರಲಿಲ್ಲ. ಅದಕ್ಕೆ ಕಾರಣವನ್ನು ಯಾರಿಗೂ ಹೇಳಿದವನಲ್ಲ, ಇಲ್ಲಿ ಬರೆಯುತ್ತೇನೆ. ನಾನು ಹುಟ್ಟಿದ್ದು ಶಿರಿಯಾ ಹೊಳೆಯ ಒಂದು ಕುದ್ರುವಿನಲ್ಲಿ. ಹೊಳೆಯ ನಡುವಿನ ಆ ತುಂಡು ನೆಲದಲ್ಲಿ ನಾಲ್ಕು ಹುಲ್ಲಿನ ಮನೆಗಳಿದ್ದುವಂತೆ. ನಾನು ನಡೆಯಲು ಕಲಿಯುವ ಕಾಲಕ್ಕೆ ಬಂದ ದೊಡ್ಡ ನೆರೆಗೆ ಮನೆ, ಮಣ್ಣು, ನನ್ನ ತಂದೆ ಎಲ್ಲವೂ ಹೋದುವು. ಅಮ್ಮ ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ದಡ ಸೇರಿದಳು. ಉಳಿದ ಮೂರು ಮನೆಯವರು ಎಲ್ಲಿ ಹೋದರೋ ತಿಳಿಯದು. ಅಮ್ಮ ಬೇರೆಯವರ ಅಂಗಳದಲ್ಲಿ ಭತ್ತ ಕುಟ್ಟುತ್ತ ‘ನಮ್ಮ ಕುದ್ರು’ ಎಂದಾಗ ಆ ಮನೆಯ ಹೆಂಗಸರು ನಗುತ್ತಿದ್ದರು. ಎಲ್ಲಿಂದಲೋ ಬಂದವಳು ಊರೊಂದನ್ನು ಕಟ್ಟಿ ಹೇಳುತ್ತಾಳೆ ಎನ್ನುವುದು ಅವರ ಮಾತು. ಕೊನೆಕೊನೆಗೆ ಅಮ್ಮನೂ ಹೇಳುವುದನ್ನು ಬಿಟ್ಟಳು. ಅವಳು ತೀರಿಕೊಂಡ ಮೇಲೆ ಆ ನೆಲ ಇತ್ತು ಎನ್ನಲು ನನ್ನ ಹತ್ತಿರ ಏನೂ ಉಳಿಯಲಿಲ್ಲ. ನನಗೆ ಅದರ ನೆನಪೇ ಇಲ್ಲ. ನಕ್ಷೆ ಸಿಕ್ಕಿದಲ್ಲೆಲ್ಲ ನಾನು ಮೊದಲು ಹುಡುಕುತ್ತಿದ್ದುದು ಶಿರಿಯಾ ಹೊಳೆಯನ್ನು. ನನಗೆ ಸಿಕ್ಕಿದವೆಲ್ಲ ನೆರೆಯ ನಂತರ ಅಳೆದವು. ಅವುಗಳಲ್ಲಿ ಬರೀ ನೀರು.

ಯುದ್ಧದ ಕಾಲದಲ್ಲಿ, ಬಟ್ಟೆಗೂ ರೇಷನ್ ಬಂದ ಮೇಲೆ, ಬಾಯಾರಿನ ಶ್ಯಾನುಭೋಗರೊಬ್ಬರು ತೀರಿಕೊಂಡ ಸುದ್ದಿ ಬಂತು. ಸರಕಾರದ ಕಡತಗಳನ್ನು ಹೊಸಬರು ಒಯ್ದಿದ್ದರು. ಸ್ವಂತದ್ದೆಲ್ಲ ಅಟ್ಟದಲ್ಲಿ ಉಂಟೆಂದು ತಿಳಿದು ನಡೆದೇ ಹೋದೆ. ಅವರ ಹೆಂಡತಿ ಬೆಲ್ಲ, ನೀರು ಕೊಟ್ಟು ಕೂರಿಸಿದರು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅಟ್ಟದಿಂದ ಇಳಿಸಿದ ರಾಶಿಯಲ್ಲಿ ಜಿಲ್ಲೆಯ ಚರಿತ್ರೆಯ ಮೂರು ಪುಸ್ತಕಗಳಿದ್ದುವು. ಅಡಿಯಲ್ಲಿ, ಬಟ್ಟೆಗೆ ಅಂಟಿಸಿ ಮಡಚಿದ್ದ ತಾಲೂಕಿನ ನಕ್ಷೆ.

ಬಿಡಿಸಿದೆ. ಶಿರಿಯಾ ಹೊಳೆ ಬಾಗುವಲ್ಲಿ, ನೀಲಿಯ ನಡುವೆ, ಭತ್ತದ ಕಾಳಿನಷ್ಟು ಹಸಿರು. ಪಕ್ಕದಲ್ಲಿ ಇರುವೆಯಂಥ ಅಕ್ಷರ. ಅಮ್ಮ ಹೇಳುತ್ತಿದ್ದ ಹೆಸರು.

ಈಗ ನನ್ನ ವ್ಯಾಪಾರದ ಗುಟ್ಟು ಹೇಳಬೇಕು. ಅತಿ ಬೇಕಾದದ್ದನ್ನು ನಾನು ಮೊದಲ ಸಲ ಹೋದಾಗ ಕೊಳ್ಳುವವನಲ್ಲ. ಅದನ್ನು ಹೀಗಳೆದು, ಬೇರೆಯದನ್ನು ಕೊಂಡು, ಎದ್ದು ಬರುತ್ತೇನೆ. ವಾರ ಬಿಟ್ಟು ಹೋದರೆ ಬಿಟ್ಟುಬಂದದ್ದನ್ನು ಅವರೇ ಕೊಸರಾಗಿ ಸೇರಿಸಿ ಕೊಡುತ್ತಾರೆ. ಈ ಕ್ರಮ ನನಗೆ ಒಮ್ಮೆಯೂ ಕೈಕೊಟ್ಟದ್ದಿಲ್ಲ. ಅಂದೂ ಬಾಯಿ ತನ್ನ ಕೆಲಸ ಮಾಡಿತು. ನಕ್ಷೆಯನ್ನು ಮಡಚಿ ಬದಿಗೆ ಸರಿಸಿ ಹೇಳಿದೆ, “ಈ ಕಾಗದಕ್ಕೆ ಎಂತ ಬೆಲೆಯೂ ಇಲ್ಲ ಅಮ್ಮ. ಬಟ್ಟೆ ಮಾತ್ರ ಗಟ್ಟಿ ಉಂಟು.”

ಪುಸ್ತಕ ಕೊಂಡೆ. ಚೌಕಾಸಿಯನ್ನೂ ಮಾಡಿದೆ. ದಾರಿಯುದ್ದಕ್ಕೂ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಆ ವಾರ ಕುದ್ರುವಿನ ಆಕಾರವನ್ನು ಮತ್ತೆ ಮತ್ತೆ ಕಣ್ಣಿಗೆ ತಂದುಕೊಂಡೆ. ಮುಖದಲ್ಲಿ ಆಸೆ ಕಾಣಬಾರದೆಂದು ಆಗ ಸರಿಯಾಗಿ ನೋಡಿರಲೂ ಇಲ್ಲ. ಅದರ ಉದ್ದ ಹೊಳೆಯ ಹರಿವಿನ ದಿಕ್ಕಿಗೆ ಇತ್ತೋ, ಅಡ್ಡವೋ?

ಎಂಟನೆಯ ದಿನ ಹೋದೆ. ಹೆರಿಗೆ ಆಗಿತ್ತು. ಅಜ್ಜಿಯಾಗಿದ್ದ ಶ್ಯಾನುಭೋಗರ ಹೆಂಡತಿ ಮಗುವನ್ನು ಎತ್ತಿಕೊಂಡೇ ಜಗಲಿಗೆ ಬಂದು, ನಗುತ್ತ, ಮಗುವಿನ ಅಂಗಿಯ ತುದಿಯನ್ನು ಬೆರಳಲ್ಲಿ ಹಿಡಿದು ತೋರಿಸಿದರು.

“ನೀವು ಹೇಳಿದ್ದು ಸರಿ ಮಾರಾಯ್ರೆ. ಬಿಸಿನೀರಲ್ಲಿ ನೆನೆಹಾಕಿದ ಕೂಡಲೇ ಕಾಗದ ಎದ್ದು ಬಂತು. ಬಟ್ಟೆ ನೋಡಿ, ಬೆಣ್ಣೆಯ ಹಾಗೆ ಉಂಟು. ಕೂಪನ್‌ಗೆ ಇಂಥದ್ದು ಸಿಗ್ತದಾ?”

ಕಾಗದ ಎಲ್ಲಿ ಎಂದು ಕೇಳಿದೆ. ಅವರು ಅಂಗಳಕ್ಕೆ ಕೈ ತೋರಿಸಿದರು. ಮೆಂತೆಯ ಜೊತೆ ಕಡೆದು ಗೆರಸೆಗೆ ಬಳಿದಿದ್ದರು. ಬಿದಿರಿನ ಸಂದುಗಳಲ್ಲಿ ಅಕ್ಕಿಯ ನುಚ್ಚು ಸೋರಬಾರದೆಂದು ನಮ್ಮ ಕಡೆ ಎಲ್ಲ ಹೆಂಗಸರೂ ಮಾಡುವ ಕೆಲಸ. ಗೆರಸೆ ಬಿಸಿಲಿಗೆ ಒಣಗುತ್ತಿತ್ತು. ಬೂದು ಬಣ್ಣ, ಒಂದೆರಡು ಕಡೆ ಸ್ವಲ್ಪ ನೀಲಿ.

ನಾನು ಜಗಲಿಯ ಮೇಲೆ ಕೂತೆ. ಆ ದಿನ ಜೀವನದಲ್ಲಿ ಮೊದಲ ಬಾರಿಗೆ, ಮಾರುವವರ ಎದುರು ನನಗೆ ಬೇಕಾಗಿದ್ದುದು ಏನೆಂದು ಬಾಯಿಬಿಟ್ಟು ಹೇಳಿದೆ. ನೆರೆಯ ಬಗ್ಗೆ, ಅಮ್ಮನ ಬಗ್ಗೆ, ಭತ್ತದ ಕಾಳಿನಷ್ಟು ಹಸಿರಿನ ಬಗ್ಗೆ. ಅವರು ಮಗುವಿನ ತಲೆ ಸವರುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ಅದು ನಿನ್ನ ಊರು ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಮಗ? ನಾನು ಸುಮ್ಮನೆ ಕೊಡ್ತಿದ್ದೆ.”

ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡಿದವರು ನನ್ನನ್ನು ಮಗ ಎಂದರು. ಆಮೇಲೆ ಅಂಗಳಕ್ಕೆ ಇಳಿದು, ಗೆರಸೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ಹುಡುಕಿದರು. ಬೇಕಿದ್ದರೆ ಇದನ್ನೇ ಕೊಂಡುಹೋಗು ಎಂದರು. ನಾನು ಬೇಡ ಎಂದೆ. ಬಾಣಂತಿ ಇರುವ ಮನೆಯಲ್ಲಿ ಗೆರಸೆಗೆ ಕೆಲಸ ಇರುತ್ತದೆ.

ಆ ನಕ್ಷೆಯ ಇನ್ನೊಂದು ಪ್ರತಿಗಾಗಿ ಮುಳ್ಳೇರಿಯದಿಂದ ಮಂಗಳೂರಿನವರೆಗೆ ವರ್ಷಗಟ್ಟಲೆ ಅಲೆದೆ. ಮೊದಲ ಭೇಟಿಯಲ್ಲೇ ಬೇಕು ಎನ್ನುತ್ತಿದ್ದೆ, ಕೇಳಿದಷ್ಟು ಕೊಡುತ್ತೇನೆ ಎನ್ನುತ್ತಿದ್ದೆ. ಕೆಲವರು ನನಗೆ ಹುಚ್ಚೆಂದರು, ಕೆಲವರು ಬರೀ ನೀರಿನ ನಕ್ಷೆಗಳನ್ನೇ ದುಬಾರಿಗೆ ಮಾರಿದರು. ಕೊನೆಗೂ ಸಿಗಲಿಲ್ಲ.

ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ, ಹಳೆಯ ನಕ್ಷೆ ನೋಡಲು ನನ್ನ ಕೋಣೆಗೆ ದಿನಾ ಜನ. ಯಾವ ಊರು ಯಾವ ಕಡೆ ಎಂದು ಚರ್ಚೆ. ಅವರವರ ಮನೆ ಸಿಕ್ಕಿದ ಕೂಡಲೇ ಬೆರಳಿಟ್ಟು ಪಕ್ಕದವರನ್ನು ಕರೆಯುತ್ತಿದ್ದರು. ಒಮ್ಮೆ ಒಬ್ಬ ಮೇಷ್ಟ್ರು ನನ್ನ ಊರು ಯಾವುದೆಂದು ಕೇಳಿದರು. ಶಿರಿಯಾದಲ್ಲಿ ಹೀಗೊಂದು ಕುದ್ರು ಇತ್ತು, ಹಳೆಯ ನಕ್ಷೆಯಲ್ಲಿ ನಾನೇ ಕಂಡಿದ್ದೇನೆ ಎಂದೆ.

ಮೇಷ್ಟ್ರು ಉಳಿದವರ ಮುಖ ನೋಡಿದರು. “ಸಾಹುಕಾರ್ರಿಗೆ ಯಾವುದೋ ಹೊಸ ನಕ್ಷೆ ಮಾರ್ಲಿಕ್ಕೆ ಉಂಟು ಅಂತ ಕಾಣ್ತದೆ,” ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕು, ಅವರು ನೋಡಿ ಮುಗಿಸಿದ ನಕ್ಷೆಯನ್ನು ಮಡಿಕೆಯ ಗುರುತಿನಲ್ಲೇ ಮಡಚತೊಡಗಿದೆ.