ಮೂರು ತಾಲೂಕಿನ ಹಲ್ಲು ತಿದ್ದುವ ಆಮ್ರಪಾಲಿ

ಬೆಳಗಿನ ಐದೂಮುಕ್ಕಾಲು. ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯ ತಗಡಿನ ಕೋಣೆಯಲ್ಲಿ ಆಮ್ರಪಾಲಿ ರಬ್ಬರ್ ಬಟ್ಟಲಲ್ಲಿ ಬಿಳಿ ಪ್ಲಾಸ್ಟರ್ ಕಲಸುತ್ತಿದ್ದಾರೆ. ಮೇಜಿನ ಮೇಲೆ ಮೂಡಲಗಿ, ಹುಕ್ಕೇರಿ, ಅಂಕಲಗಿಯಿಂದ ನಿನ್ನೆಯ ಕೊನೆಯ ಬಸ್ಸಿಗೆ ಬಂದ ಡಬ್ಬಿಗಳಿವೆ. ಒಂದೊಂದರಲ್ಲೂ ಯಾರದೋ ಬಾಯಿಯ ಅಚ್ಚು. "ಈಗ ಮಾತಾಡಸಬ್ಯಾಡ್ರಿ ಸರ್, ಗಟ್ಟಿ ಆಗಿಬಿಡತೈತಿ," ಎಂದು, ಇವರ ಬಗ್ಗೆ ಬರೆಯಲು ಬಂದ ನನ್ನನ್ನು ಬಾಗಿಲಲ್ಲೇ ತಡೆಯುತ್ತಾರೆ.

ಅಚ್ಚಿಗೆ ಪ್ಲಾಸ್ಟರ್ ಸುರಿದು, ಗಾಳಿಗುಳ್ಳೆ ಹೋಗಲೆಂದು ಮೇಜಿಗೆ ನಾಲ್ಕು ಸಲ ಕುಟ್ಟಿ, ಕೈ ಒರೆಸಿಕೊಂಡ ಮೇಲೆ ತಿರುಗಿ ನೋಡುತ್ತಾರೆ. ನೋಡುವುದೂ ನನ್ನ ಮುಖವನ್ನಲ್ಲ, ಹಲ್ಲನ್ನು. "ಕೆಳಗಿಂದೊಂದು ಸೊಟ್ಟ ಐತಲ್ರಿ." ಐವತ್ತು ವರ್ಷ ತುಟಿಯ ಹಿಂದೆ ಕಾಪಾಡಿಕೊಂಡು ಬಂದಿದ್ದ ನನ್ನ ಗುಟ್ಟು ಐದು ನಿಮಿಷದಲ್ಲಿ ರಟ್ಟಾಗುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕುಗಳ ಹದಿನಾಲ್ಕು ಹಲ್ಲಿನ ದವಾಖಾನೆಗಳಿಗೆ ಕ್ಯಾಪು, ಕಟ್ಟುಹಲ್ಲು, ವಿನಿಯರ್ ಎಂಬ ತೆಳು ಹೊದಿಕೆ, ಎಲ್ಲವೂ ಹೋಗುವುದು ಇದೇ ಕೋಣೆಯಿಂದ. ದಿನಕ್ಕೆ ಒಂಬತ್ತೋ ಹತ್ತೋ ಹಲ್ಲು, ಇಪ್ಪತ್ನಾಲ್ಕು ವರ್ಷದಿಂದ. ಹಲ್ಲು ಹಾಕಿಸಿಕೊಂಡವರು ಡಾಕ್ಟರನ್ನು ಹೊಗಳುತ್ತಾರೆ. ಆಮ್ರಪಾಲಿ ಎಂಬ ಹೆಸರು ಅವರ ಕಿವಿಗೂ ಬಿದ್ದಿರುವುದಿಲ್ಲ. "ಸಂತ್ಯಾಗ ಯಾರರ ನಕ್ರ, ಇದು ನಂದ ಅಂತ ಗುರ್ತ ಹತ್ತತೈತ್ರಿ. ಹೇಳಾಕ ಆಗಂಗಿಲ್ಲ. ಅದು ಅವರ ಗುಟ್ಟ," ಎಂದು ನಗುತ್ತಾರೆ.

ಅಂಕಲಗಿಯ ಆಮ್ರಪಾಲಿ ಹತ್ತೊಂಬತ್ತನೇ ವಯಸ್ಸಿಗೆ ಇಲ್ಲಿನ ಒಂದು ದವಾಖಾನೆಗೆ ಕಸ ಹೊಡೆಯಲು ಬಂದವರು. ಅಲ್ಲಿ ಹಲ್ಲು ಮಾಡುತ್ತಿದ್ದ ಹಿರಿಯ ಊಟಕ್ಕೆ ಹೋದಾಗ, ಅವನು ಬಿಸಾಡಿದ ಮೇಣವನ್ನು ಕೂಡಿಸಿ ಹಲ್ಲು ಕೆತ್ತುತ್ತ ಕೂರುತ್ತಿದ್ದರು. "ಕಸಬರಿಗಿ ಹಿಡ್ಯಾಕಿ ಹಲ್ಲ ಮಾಡ್ತಾಳಂತ" ಎಂದು ಆತ ಮೂರು ಸಲ ಕಸದ ಬುಟ್ಟಿಗೆ ಎಸೆದ. ನಾಲ್ಕನೆಯದನ್ನು ಕಂಡ ಡಾಕ್ಟರು ಅದನ್ನು ಆತನೇ ಮಾಡಿದ್ದೆಂದು ತಿಳಿದು ಬೆನ್ನು ತಟ್ಟಿದರಂತೆ! ಆ ಸಿಟ್ಟು ಈಗಲೂ ಆರಿಲ್ಲ. ಆರಬೇಕಾಗಿಯೂ ಇಲ್ಲ, ಅದೇ ಇವರನ್ನು ಇಲ್ಲಿಗೆ ತಂದಿದೆ. ಪ್ಲಾಸ್ಟರಿನ ಧೂಳು ಕುಡಿದು ಕುಡಿದು ಕೆಮ್ಮು ಮಾತ್ರ ಕಾಯಂ ಆಗಿದೆ.

ತಪ್ಪೇ ಮಾಡಿಲ್ಲವೇ ಎಂದು ಕೇಳಿದೆ. "ಮಾಡೇನ್ರಿ, ಭಾರಿ ತಪ್ಪ." ಹತ್ತು ವರ್ಷದ ಹಿಂದೆ ಮೇಘಾ ಎಂಬ ಮದುಮಗಳ ಸೊಟ್ಟ ಹಲ್ಲುಗಳನ್ನು ಮುಚ್ಚಲು ಆರು ಹೊದಿಕೆ ಮಾಡಿಕೊಟ್ಟರು. ಅಳತೆ, ಬಣ್ಣ, ಹೊಳಪು, ಎಲ್ಲ ಬರೋಬ್ಬರಿ. ಆದರೆ ಕಬ್ಬಿನ ಸೀಮೆಯ ಹುಡುಗಿ ಕಬ್ಬನ್ನು ಹಲ್ಲಿನಿಂದಲೇ ಸಿಗಿಯುತ್ತಾಳೆ ಎಂಬುದನ್ನು ಯಾರೂ ಯೋಚಿಸಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ತಾಳಿ ಮರೆತ ಹಾಗಾಯಿತು. ಮೊದಲ ಸುಗ್ಗಿಗೇ ಎರಡು ಹೊದಿಕೆ ಒಡೆದವು. ಒಳಗೆ ಉಳಿದಿದ್ದದ್ದು, ಮೊದಲು ಗಟ್ಟಿಮುಟ್ಟಾಗಿದ್ದು, ಹೊದಿಕೆ ಕೂರಲೆಂದು ಡಾಕ್ಟರು ಉಜ್ಜಿ ಸಣ್ಣಗೆ ಮಾಡಿದ್ದ ಹಲ್ಲು. "ಆ ಹುಡುಗಿ ತಣ್ಣೀರ ಸುದ್ದಾ ಕುಡ್ಯಾಕ ಆಗದ ಅತ್ಳರಿ. ಹಲ್ಲ ಮಾಡೂವಾಕಿ ನಾ, ಹಲ್ಲ ಕೆಡಿಸಿದ್ದೆ." ಅಂದಿನಿಂದ ದವಾಖಾನೆಗಳು ಅಚ್ಚಿನ ಜೊತೆ ಕಳಿಸುವ ಚೀಟಿಯಲ್ಲಿ ಆಮ್ರಪಾಲಿ ಸೇರಿಸಿದ ಪ್ರಶ್ನೆಯೊಂದಿದೆ: ಕಬ್ಬು ಹೆಂಗ ತಿಂತೀರಿ?

ಒಂದೂವರೆ ವರ್ಷದ ಹಿಂದೆ ಕುಲಗೋಡದ ಮಾಲಾಳ ಅಚ್ಚು ಬಂತು. ಇಪ್ಪತ್ತೆರಡರ ಹುಡುಗಿ, ಮುಂದಿನ ತಿಂಗಳೇ ಮದುವೆ. ಮೇಲಿನ ಹಲ್ಲುಗಳು ಮುಂದಕ್ಕೆ ಬಂದು ಒಂದರ ಮೇಲೊಂದು ಏರಿದ್ದವು. ತಂತಿ ಹಾಕಿ ನೆಟ್ಟಗೆ ಮಾಡುವುದೇ ಸರಿಯೆಂದು ಮೂಡಲಗಿಯ ಡಾಕ್ಟರು ಹೇಳಿದರೂ ತಾಯಿ ಸತ್ತೆವ್ವ ಒಪ್ಪಿರಲಿಲ್ಲ. ಅವರಿಗೆ ಬೇಕಾದದ್ದು ಆರು ಹೊದಿಕೆ, ಎಂಟು ದಿನದೊಳಗೆ.

ಆಮ್ರಪಾಲಿ ಅಚ್ಚಿನಿಂದ ಪ್ಲಾಸ್ಟರಿನ ಹಲ್ಲುಸಾಲು ತೆಗೆದು, ಹೊದಿಕೆ ಕೂರಬೇಕಾದರೆ ಎಷ್ಟು ಉಜ್ಜಬೇಕೋ ಅಷ್ಟನ್ನೂ ಉಜ್ಜಿದರು. ಉದುರಿದ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿದರು. ಕೈಗೆ ಬಂದ ಕೆಲಸ ಬಿಟ್ಟು, ಯಾರೂ ಕರೆಯದೆ, ಮೂಡಲಗಿ ಬಸ್ಸು ಹತ್ತಿದರು. ಡಾಕ್ಟರಿಗೆ ಹೇಳಿ ತಾಯಿ ಮಗಳನ್ನು ಕರೆಸಿ, ತಂತಿಯೇ ಹಾಕಿಸಿರೆಂದರು.

"ಮದವಿಗೆ ಅಕ್ಕಿಕಾಳ ಹಾಕಾಕ ಬಂದ ಮಂದಿ, ಸೊಸಿ ಬಾಯಾಗ ಬೇಲಿ ಹಾಕ್ಯಾರ ಅನ್ನೂದಿಲ್ಲೇನ?" ಎಂದು ಸತ್ತೆವ್ವ ದವಾಖಾನೆಯಲ್ಲೇ ಜಗಳಕ್ಕೆ ನಿಂತರು. ಆಮ್ರಪಾಲಿ ಮಾಲಾಳ ಮುಂದೆ ಪೊಟ್ಟಣ ಬಿಚ್ಚಿದರು.

"ತಂಗಿ, ಇದು ಪ್ಲಾಸ್ಟರಿಂದು. ನಾಳೆ ನಿನ್ನ ಹಲ್ಲಿಂದು ಇಷ್ಟ ಹೋಗತೈತಿ. ಹಲ್ಲ ಮುಕ್ಕಾಗಿದ್ರ, ಕಲೆ ಬಿದ್ದಿದ್ರ ನಾನ ಹೊದಿಕಿ ಮಾಡಿಕೊಡ್ತಿದ್ದೆ. ನಿನ್ನ ಹಲ್ಲಿಗೆ ಏನಾಗೇತಿ? ಜಾಗಾ ಅಷ್ಟ ತಪ್ಪೇತಿ. ತಂತಿ ಇವತ್ತ ಹಾಕಿದ್ರ ಒಂದಿನ ತಗೀತಾರ. ಉಜ್ಜಿದ ಹಲ್ಲ ತಿರುಗಿ ಬೆಳ್ಯಾಂಗಿಲ್ಲ."

"ಹೊದಿಕಿ ಎಷ್ಟ ವರ್ಷ ಬರ್ತಾವ್ರಿ ಅಕ್ಕಾರ?"

"ಹತ್ತೋ ಹದಿನೈದೋ. ಆಮ್ಯಾಗ ಮತ್ತ ಹೊಸಾವ."

ಮಾಲಾ ಪುಡಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದಳು. ಹತ್ತರಗಿಯಲ್ಲಿದ್ದ ಮದುಮಗ ವಿಶಾಲನಿಗೆ ಅಲ್ಲಿಂದಲೇ ಫೋನು ಮಾಡಿದಳು. "ಹಲ್ಲ ನಿನ್ನವು, ನನ್ನ ಯಾಕ ಕೇಳ್ತಿ?" ಅಂದನಂತೆ ಪುಣ್ಯಾತ್ಮ. ತಂತಿಯೇ ಗಟ್ಟಿಯಾಯಿತು. "ನೆಟ್ಟಗ ಆಗ್ಲಿಲ್ಲಂದ್ರ ನಿನ್ನ ಬಾಗಿಲಿಗೆ ಬಂದ ಬೈತೀನಿ," ಎಂದು ಸತ್ತೆವ್ವ ಬೆರಳು ತೋರಿಸಿ ಹೋದರು. ಮದುವೆಯಲ್ಲಿ ಬೇಲಿಯ ಮಾತೂ ಬಂತು. ಮಾಲಾ ಮಾತ್ರ ಫೋಟೋಗಳಲ್ಲಿ ತಂತಿ ತೋರಿಸಿಕೊಂಡೇ ನಿಂತಳು. ಒಂದೂವರೆ ವರ್ಷ ಭಯಪಟ್ಟದ್ದು ಆಮ್ರಪಾಲಿಯೇ. "ಹಲ್ಲ ಮಾಡೂದ ನನ್ನ ಕೈಯಾಗ ಐತ್ರಿ. ಅವು ಜಾಗಕ್ಕ ಸರಿಯೂದ ನನ್ನ ಕೈಯಾಗ ಇಲ್ಲಲ್ಲ. ಮಾತ ಕೊಟ್ಟ ಕುಂತಿದ್ದೆ."

ತಂತಿ ತೆಗೆಯುವುದು ಇವತ್ತೇ. ಹನ್ನೊಂದು ಗಂಟೆಗೆ ನಾವಿಬ್ಬರೂ ಮೂಡಲಗಿಯ ದವಾಖಾನೆಯಲ್ಲಿದ್ದೇವೆ. ಡಾಕ್ಟರು ತಂತಿ ಹಿಡಿದಿದ್ದ ಕೊನೆಯ ಬಿಲ್ಲೆಯನ್ನು ಹಲ್ಲಿನಿಂದ ಕಿತ್ತು, ಅಂಟು ಕೆರೆದು, ಕನ್ನಡಿ ಕೊಡುತ್ತಾರೆ. ಮಾಲಾ ಮೊದಲು ನಾಲಿಗೆ ಆಡಿಸುತ್ತಾಳೆ, ಆಮೇಲೆ ಕನ್ನಡಿ ನೋಡುತ್ತಾಳೆ, ಆಮೇಲೆ ಜೋರಾಗಿ ನಗುತ್ತಾಳೆ. ಹಲ್ಲುಗಳು ಸಾಲಾಗಿ, ಪೂರ್ತಿಯಾಗಿ, ಒಂದು ಚೂರೂ ಕಳೆದುಕೊಳ್ಳದೆ ನಿಂತಿವೆ. "ಅಕ್ಕಾರ, ಎಲ್ಲಾ ನನ್ನವ ಅದಾವ!" ಎಂದು ಕೂಗುತ್ತಾಳೆ. ಸತ್ತೆವ್ವ ಆಮ್ರಪಾಲಿಯ ಗದ್ದ ಹಿಡಿದು, "ಬೈತೀನಿ ಅಂದಿದ್ನಲ್ಲವ್ವಾ, ಮನಸಿನ್ಯಾಗ ಇಟ್ಕೋಬ್ಯಾಡ," ಎಂದು ಅತ್ತೇ ಬಿಡುತ್ತಾರೆ. ನನ್ನ ಕಣ್ಣೂ ತೇವವಾಗಿದೆ, ಮುಚ್ಚಿಡುವುದೇಕೆ?

ನೆಟ್ಟಗಾದ ಹಲ್ಲು ಮತ್ತೆ ಜರುಗದಂತೆ ಹಿಡಿದಿಡುವ ತೆಳು ಪಟ್ಟಿಗಾಗಿ ಹೊಸ ಅಚ್ಚು ತೆಗೆಯುತ್ತಾರೆ. ಈ ಡಬ್ಬಿ ಬಸ್ಸಿನ ಕಂಡಕ್ಟರನ ಕೈಗೆ ಹೋಗುವುದಿಲ್ಲ. ಆಮ್ರಪಾಲಿ ಅದನ್ನು ಸೆರಗಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಗೋಕಾಕದ ಬಸ್ಸಿನಲ್ಲಿ ಕೂರುತ್ತಾರೆ. ನಿಮಗೆ ಏನು ಆಸೆಯಿದೆ ಎಂದು ಕೇಳುತ್ತೇನೆ.

"ಪಟ್ಟಿ ಮಾಡಿ ಕೊಟ್ಟ ಮ್ಯಾಲ ಈ ಅಚ್ಚಿನ ಪ್ಲಾಸ್ಟರ್ ಹಲ್ಲಸಾಲು ನಾನ ಇಟ್ಕೋತೀನ್ರಿ," ಎನ್ನುತ್ತಾರೆ. "ಇದರಾಗ ಒಂದೂ ನಾ ಮಾಡಿದ್ದಲ್ಲ. ನನ್ನ ಕೆಲಸದಾಗ ಎಲ್ಲಾಕ್ಕಿಂತ ಚಂದ ಆಗಿದ್ದ ಇದ ನೋಡ್ರಿ."