ಮದರಾಸಿಗೆ ಹೋದ ಗೆಡ್ಡೆ

ದಿಂಡಿಗಲ್ಲಿನ ಆಸ್ಪತ್ರೆಯ ದೊರೆಸಾನಿ ಡಾಕ್ಟರು ಅಕ್ಕನ ಗರ್ಭಕೋಶದಿಂದ ಕೊಯ್ದು ತೆಗೆದ ಗೆಡ್ಡೆಯನ್ನು ಗಾಜಿನ ಭರಣಿಯಲ್ಲಿಟ್ಟು ನಮಗೆ ತೋರಿಸಿದರು. ರೋಗ ಒಳಗೆಲ್ಲ ಹಬ್ಬಿದೆ, ಅಕ್ಕ ಉಳಿಯುವುದಿಲ್ಲ ಎಂದರು. ಹಲವು ಊರುಗಳ ವೈದ್ಯರು ಮದರಾಸಿನಲ್ಲಿ ಸೇರಿ ಇಂಥ ಗೆಡ್ಡೆಗಳನ್ನು ಪರೀಕ್ಷಿಸುತ್ತಾರೆ, ಕಳಿಸಲೇ ಎಂದು ಕೇಳಿದರು.

ಅಕ್ಕನ ಅತ್ತೆ ಅಡ್ಡ ನಿಂತರು. "ಕೊಡಬ್ಯಾಡ. ಮೈ ಒಡಂಬು ಇಡಿಯಾ ಮಣ್ಣಿಗೋಗ್ಬೇಕು."

ಅಕ್ಕ ಕಣ್ಣು ತೆರೆಯದೆ ಹೇಳಿದಳು: "ಓಗಲಿ ಅತ್ತೆ. ನಮ್ಮವ್ವನೂ ಇಂಗೇ ರತ್ತ ಓಗಿ ಸತ್ತಳು. ಎನ್ನ ಮಗಳಿಗೆ ಬರಾಕೆ ಮುಂಚೆ ಯಾರಾರ ಕಂಡುಹಿಡೀಲಿ."

ನಮ್ಮೂರು ಕಂಬಂನಲ್ಲಿ ಅವಳನ್ನು ಹೂಳುವಾಗ ಅತ್ತೆ ಆ ಗೆಡ್ಡೆಯಷ್ಟೇ ದಪ್ಪದ ರಾಗಿಹಿಟ್ಟಿನ ಉಂಡೆ ಮಾಡಿ ಅವಳ ಹೊಟ್ಟೆಯ ಮೇಲಿಟ್ಟರು. "ಕೊರೆ ಇಲ್ದೆ ಇಡಿಯಾ ಓಗು ತಾಯೀ," ಎಂದರು.

ಮದರಾಸಿನಿಂದ ಇನ್ನೂ ಸುದ್ದಿಯಿಲ್ಲ. ಅಕ್ಕನ ಮಗಳು ಮೊನ್ನೆ ಮೈನೆರೆದಳು. ಎಲ್ಲರೂ ನಗುತ್ತ ಆರತಿ ಎತ್ತಿದರು. ತಟ್ಟೆ ಹಿಡಿದ ನಾನು, ಟಪಾಲಿನವನು ಬಂದನೇ ಎಂದು ಬೀದಿಯ ಕಡೆ ನೋಡಿದೆ.